‘ಯಾವ ತಿಂಗಳಲ್ಲಿ ಸಾರ್?’: ನಿರ್ಮಾಣ ನಿರ್ವಹಣೆಯ ಪಿಎಚ್‌ಡಿ ಮುಗಿಸಿದ ಮೇಲೆ

ರಟ್ಟಿನ ಬೈಂಡಿಂಗ್ ಮಾಡಿದ ಪ್ರಬಂಧ ಕೈಗೆ ಬಂದು ಹದಿನೈದು ದಿನವಾಯಿತು. ಕಾಲೇಜಿನಲ್ಲಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಹೇಗೆ ಕಲಿಸುತ್ತಾರೆ, ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಸೈಟ್‌ಗಳಲ್ಲಿ ಅದೇ ಕೆಲಸ ಹೇಗೆ ನಡೆಯುತ್ತದೆ ಎಂಬುದು ವಿಷಯ. ಇದೇ ದಾರಿ ಹಿಡಿದಿರುವ ಇಬ್ಬರು ಮೂವರು ಈಗಾಗಲೇ ಫೋನ್ ಮಾಡಿ ವಿಚಾರಿಸಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ವಾಸಿ ಅನ್ನಿಸಿತು.

ಮೊದಲು ಕಾಲದ ಲೆಕ್ಕ. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಕೆಲಸದಲ್ಲಿದ್ದುಕೊಂಡು ಮಾಡುವವರು ನಾಲ್ಕೂವರೆ ವರ್ಷ ಅಂತ ಮನಸ್ಸಿನಲ್ಲಿಟ್ಟುಕೊಂಡರೆ ನಿರಾಸೆ ಕಡಿಮೆ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆಯ ಪತ್ರಿಕೆಯೂ ಸೇರಿರುತ್ತದೆ. ಈ ಪತ್ರಿಕೆಯನ್ನು ಕಾಟಾಚಾರಕ್ಕೆ ಓದಿದವರು ಕೊನೆಯಲ್ಲಿ ಕೃತಿಚೌರ್ಯ ತಪಾಸಣೆಯ ಹೊತ್ತಿಗೆ ಮತ್ತೆ ಬಿಚ್ಚಿ ಓದುತ್ತಾರೆ.

‘ಶಿಕ್ಷಣ ಮತ್ತು ಉದ್ಯಮದ ನಡುವಿನ ಅಂತರ’ ಎಂಬ ಶೀರ್ಷಿಕೆ ಹೊತ್ತುಕೊಂಡು ಗೈಡ್ ಬಳಿ ಹೋದರೆ ಮೊದಲ ದಿನವೇ ಕೆಂಪು ಗೆರೆ ಬೀಳುತ್ತದೆ, ಬೀಳಲೂ ಬೇಕು. ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಹುಡುಕಿದರೆ ಅದೇ ಜಾಡಿನ ಪ್ರಬಂಧಗಳು ಸಾಲುಸಾಲಾಗಿ ಬರುತ್ತವೆ. ಅಂತರ ಅಂದರೆ ಯಾವುದರ ಅಂತರ, ಯಾರ ಕಣ್ಣಿಗೆ ಕಂಡ ಅಂತರ? ಹೀಗೆ ಸೋಸುತ್ತಾ ಕೊನೆಗೆ ಮೂರು ಕೆಲಸ ಉಳಿದವು: ವೇಳಾಪಟ್ಟಿ ಹಾಕುವುದು, ಅಳತೆ ಹಿಡಿದು ಬಿಲ್ ಮಾಡುವುದು, ಕಾಂಕ್ರೀಟಿನ ಗುಣಮಟ್ಟ ನೋಡುವುದು. ಬಿಇ ಮುಗಿಸಿದವರು ಸೈಟ್‌ಗೆ ಬಂದ ಮೊದಲ ವರ್ಷ ಈ ಮೂರನ್ನು ಹೇಗೆ ಮಾಡುತ್ತಾರೆ ಎಂಬಷ್ಟಕ್ಕೆ ಬೇಲಿ ಹಾಕಿದೆವು. ಬಿಐಎಂ (ಕಟ್ಟಡದ ಡಿಜಿಟಲ್ ಮಾದರಿ), ಲೀನ್ (ಪೋಲು ತಗ್ಗಿಸುವ ನಿರ್ವಹಣೆ) ಮುಂತಾದ ಆಕರ್ಷಕ ಪದಗಳನ್ನು ಬಿಡುವಾಗ ಹೊಟ್ಟೆ ಉರಿದದ್ದು ನಿಜ. ಆದರೆ ನಾವು ಹೋಗಬೇಕಿದ್ದ ಸೈಟ್‌ಗಳಲ್ಲಿ ಅವುಗಳ ಬಳಕೆಯೇ ಇರಲಿಲ್ಲ. ಇಲ್ಲದ್ದನ್ನು ಅಳೆಯಲು ಹೋಗಿ ಎಲ್ಲ ಕಾಲಂನಲ್ಲೂ ಸೊನ್ನೆ ಬರೆಸಿಕೊಂಡು ಬರುವುದು ಸಂಶೋಧನೆಯಲ್ಲ.

ಆಮೇಲೆ ಪತ್ರಗಳ ಪರ್ವ. ಅನುಮತಿ ಪತ್ರ ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ವಿಭಾಗದ ಮುಖ್ಯಸ್ಥರು ಮತ್ತು ಪ್ರಾಂಶುಪಾಲರ ಸಹಿ ಮೊಹರಿನೊಂದಿಗೆ, ಹೊರಹೋಗುವ ಸಂಖ್ಯೆ ಮತ್ತು ದಿನಾಂಕ ಹಾಕಿಸಿಯೇ ಇರಬೇಕು. ಆ ಸಂಖ್ಯೆ ಇಲ್ಲದ ಪತ್ರವನ್ನು ಸರ್ಕಾರಿ ಕಚೇರಿಯ ಟಪಾಲು ವಿಭಾಗ ಮುಟ್ಟುವುದಿಲ್ಲ. ಕೊಟ್ಟ ಪತ್ರದ ಜೆರಾಕ್ಸ್ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಫೈಲಿನಲ್ಲಿಡಿ. ಮೂರು ವಾರದ ನಂತರ ‘ಯಾವ ಪತ್ರ?’ ಎಂಬ ಪ್ರಶ್ನೆ ಬಂದಾಗ ಆ ಮೊಹರೇ ಮಾತಾಡುತ್ತದೆ. ಪತ್ರ ಬರೆಯುವುದು ಇಇ (ಕಾರ್ಯಪಾಲಕ ಎಂಜಿನಿಯರ್) ಅವರಿಗೆ, ಕೆಲಸ ಆಗುವುದು ಎಇ (ಸಹಾಯಕ ಎಂಜಿನಿಯರ್) ಮಟ್ಟದಲ್ಲಿ. ಹಾಗಾಗಿ ಮೇಲಿನ ಟಿಪ್ಪಣಿ ಕೆಳಗೆ ಇಳಿಯುವವರೆಗೆ ಕಾಯದೆ, ಎಇ ಅವರನ್ನು ಮೊದಲೇ ಕಂಡು ಬರುವುದು ಒಳ್ಳೆಯದು.

ಖಾಸಗಿ ಗುತ್ತಿಗೆದಾರರ ಬಳಿ ಇದೇ ಲೆಟರ್‌ಹೆಡ್ ಉಲ್ಟಾ ಹೊಡೆಯುತ್ತದೆ. ಮೊಹರು ಕಂಡ ಕೂಡಲೇ ‘ಇದು ಇಲಾಖೆಗೆ ಹೋಗುತ್ತಾ?’ ಅಂತ ಕೇಳುತ್ತಾರೆ. ಅಲ್ಲಿ ನಡೆಯುವುದು ಪರಿಚಯ. ಕಂಬಿ, ಸಿಮೆಂಟ್ ಕೊಡುವ ಅಂಗಡಿಯವರು ಒಂದು ಫೋನ್ ಮಾಡಿದರೆ ಹತ್ತು ಸೈಟ್‌ನ ಬಾಗಿಲು ತೆರೆಯುತ್ತದೆ. ಜೊತೆಗೆ ಒಂದು ಪುಟದ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ: ಹೆಸರು ಬರೆಯುವುದಿಲ್ಲ, ಸೈಟ್‌ಗೆ ‘ಹಾ-01’, ‘ಸ-01’, ‘ಚಿ-01’ ಅಂತ ಸಂಕೇತ ಮಾತ್ರ, ಬೇಡವಾದರೆ ಅರ್ಧದಲ್ಲೇ ನಿಲ್ಲಿಸಬಹುದು, ಮುಗಿದ ಮೇಲೆ ಫಲಿತಾಂಶ ತಲುಪಿಸುತ್ತೇವೆ. ಶೇ. 1ರ ಕಾರ್ಮಿಕ ಕಲ್ಯಾಣ ಸೆಸ್ ಕುರಿತ ಪ್ರಶ್ನೆಯನ್ನು ಆರಂಭದಲ್ಲಿ ಇಟ್ಟದ್ದು ನಮ್ಮ ತಪ್ಪು. ಅದನ್ನು ಓದಿದವರ ಪೆನ್ನು ಅಲ್ಲೇ ನಿಲ್ಲುತ್ತಿತ್ತು. ಕೊನೆಯ ಪುಟಕ್ಕೆ ಸರಿಸಿದ ಮೇಲೆ ಉಳಿದ ಪ್ರಶ್ನೆಗಳಿಗಾದರೂ ಉತ್ತರ ಬಂತು.

ಈ ಭಾಗದಲ್ಲಿ ಸರ್ವೆ ಮಾಡುವವರು ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ಕೆಲವು ತಿಂಗಳನ್ನು ಹೊಡೆದುಹಾಕಿಬಿಡಬೇಕು. ಮಾರ್ಚ್‌ನಲ್ಲಿ ಇಲಾಖೆಯ ಎಂಜಿನಿಯರ್‌ಗಳಿಗೆ ಬಿಲ್ ಮುಗಿಸುವ ಧಾವಂತ. ಎಂಬಿ (ಅಳತೆ) ಪುಸ್ತಕ ಬಿಟ್ಟು ತಲೆ ಎತ್ತುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಮಳೆ. ಸೈಟ್ ಇರುತ್ತದೆ, ಕೆಲಸ ಇರುವುದಿಲ್ಲ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದರೆ ನಗರದ ಅಧಿಕಾರಿಗಳಲ್ಲಿ ಅರ್ಧ ಜನ ದರ್ಶನದ ವ್ಯವಸ್ಥೆಯ ಮೇಲೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೋಬಸ್ಟಾ, ಆಳುಗಳೆಲ್ಲ ತೋಟದಲ್ಲಿ. ಉಳಿದದ್ದು ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಒಂದಿಷ್ಟು ದಿನ. ನಾವು ಆರು ತಿಂಗಳಲ್ಲಿ ಮುಗಿಸುತ್ತೇವೆ ಅಂತ ಪ್ರಸ್ತಾವದಲ್ಲಿ ಬರೆದುಕೊಟ್ಟಿದ್ದ ಸರ್ವೆ ಹದಿನೇಳು ತಿಂಗಳು ಹಿಡಿಯಿತು. ನಿರ್ಮಾಣದ ವೇಳಾಪಟ್ಟಿಯ ಬಗ್ಗೆ ಸಂಶೋಧನೆ ಮಾಡುವವರದೇ ವೇಳಾಪಟ್ಟಿ ಹೀಗಾದದ್ದನ್ನು ಪ್ರಗತಿ ವರದಿಯ ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಪುಣ್ಯ.

ಎಷ್ಟು ಜನರನ್ನು ಕೇಳಬೇಕು? ಎಲ್ಲರೂ ಮಾದರಿಯ ಗಾತ್ರ ಹೇಳುವ ಕಾಕ್ರನ್ ಸೂತ್ರ ಬರೆದು 385 ಎನ್ನುತ್ತಾರೆ. ಶೇ. 95ರ ವಿಶ್ವಾಸ, ಶೇ. 5ರ ದೋಷ ಹಿಡಿದರೆ 1.96ರ ವರ್ಗ ಗುಣಿಸು 0.5 ಗುಣಿಸು 0.5, ಅದನ್ನು 0.05ರ ವರ್ಗದಿಂದ ಭಾಗಿಸಿದರೆ 384.16. ಆದರೆ ಇದು ಸಮೂಹ ತುಂಬ ದೊಡ್ಡದಿದ್ದಾಗಿನ ಲೆಕ್ಕ. ನಮ್ಮ ಪಟ್ಟಿಯಲ್ಲಿದ್ದ ಸೈಟ್ ಎಂಜಿನಿಯರ್‌ಗಳೇ 150 ಮಂದಿ. ಸಣ್ಣ ಸಮೂಹದ ತಿದ್ದುಪಡಿ ಹಾಕಿದರೆ 1ಕ್ಕೆ 383/150 ಕೂಡಿಸಿ ಬಂದದ್ದರಿಂದ 384ನ್ನು ಭಾಗಿಸಬೇಕು. ಉತ್ತರ 108ಕ್ಕಿಂತ ತುಸು ಹೆಚ್ಚು, ಅಂದರೆ 109 ಜನ. 150ರಲ್ಲಿ 109 ಬೇಕು ಅಂದಮೇಲೆ ಆರಿಸುವ ಮಾತೇ ಬರುವುದಿಲ್ಲ, ಎಲ್ಲರಿಗೂ ಕೊಟ್ಟುಬಿಡುವುದು ಸರಿ. 150 ಕೊಟ್ಟೆವು, 124 ಬಂದವು, 11 ಕೆಟ್ಟವು, 113 ಉಳಿದವು. ಆ ನಾಲ್ಕೇ ನಾಲ್ಕು ಹೆಚ್ಚುವರಿ ಫಾರ್ಮ್‌ಗಾಗಿ ಒಂದು ಇಡೀ ಬೇಸಿಗೆ ಓಡಾಡಿದ್ದಾಯಿತು. ಪಟ್ಟಿ ತಯಾರಿಸುವಾಗ ಯಾರನ್ನು ಸೇರಿಸಿದಿರಿ, ಯಾರನ್ನು ಬಿಟ್ಟಿರಿ ಎಂಬುದನ್ನು ಅವತ್ತೇ ಬರೆದಿಡಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸೂತ್ರ ಕೇಳುವುದಿಲ್ಲ, 150 ಎಲ್ಲಿಂದ ಬಂತು ಅಂತ ಕೇಳುತ್ತಾರೆ.

ಪ್ರಶ್ನಾವಳಿಯದೇ ದೊಡ್ಡ ಪಾಠ. ಮೊದಲ ಕರಡು ಇಂಗ್ಲಿಷಿನ ಪ್ರಬಂಧಗಳಿಂದ ಹೆಕ್ಕಿ ಕನ್ನಡಕ್ಕೆ ತಂದದ್ದು. ಸಕಲೇಶಪುರದ ಹತ್ತಿರದ ಒಂದು ಸೈಟ್‌ನಲ್ಲಿ ಪ್ರಯೋಗಕ್ಕೆ ಕೊಟ್ಟಾಗ ‘ನೀವು ನೆಟ್‌ವರ್ಕ್ ಬಳಸುತ್ತೀರಾ?’ ಎಂಬ ಪ್ರಶ್ನೆಗೆ ಬಂದ ಉತ್ತರ: ‘ಇಲ್ಲಿ ಟವರ್ರೇ ಸಿಗಲ್ಲ ಸಾರ್.’ ಕೆಲಸಗಳ ಅನುಕ್ರಮ ತೋರಿಸುವ ಸಿಪಿಎಂ ಜಾಲದ ಬಗ್ಗೆ ಕೇಳಿದ್ದು ಅಂತ ಅವರಿಗೆ ಹೊಳೆಯಲು ಕಾರಣವೇ ಇರಲಿಲ್ಲ. ‘ಕಟ್ಟಡದ ವಿಸ್ತೀರ್ಣ ಎಷ್ಟು ಚದರ?’ ಎಂಬುದಕ್ಕೆ ಒಬ್ಬರು 12 ಬರೆದರು, ಇನ್ನೊಬ್ಬರು 1200, ಮತ್ತೊಬ್ಬರು 111. ಮೂರೂ ಒಂದೇ ಅಳತೆಯ ಮನೆ. ನಮ್ಮ ಕಡೆ ಚದರ ಅಂದರೆ ನೂರು ಚದರ ಅಡಿ. ಗುತ್ತಿಗೆ ಮಾತಾಡುವುದೂ ಚದರಕ್ಕೆ ಇಷ್ಟು ಅಂತಲೇ. ಹೊಸದಾಗಿ ಓದಿ ಬಂದವರು ಚದರ ಮೀಟರ್ ಬರೆಯುತ್ತಾರೆ. ಮಾನವನ್ನು ಖಾಲಿ ಜಾಗದ ಪಕ್ಕದಲ್ಲೇ ಅಚ್ಚು ಹಾಕಿಸದಿದ್ದರೆ ಇಡೀ ಕಾಲಂ ಎಸೆಯಬೇಕಾಗುತ್ತದೆ.

‘ಗುಣಮಟ್ಟಕ್ಕೆ ಎಷ್ಟು ಮಹತ್ವ ಕೊಡುತ್ತೀರಿ, 1ರಿಂದ 5’ ಅಂತ ಕೇಳಿದರೆ ಎಲ್ಲರದೂ 5. ಕಮ್ಮಿ ಕೊಡುತ್ತೇನೆ ಅಂತ ಯಾರು ಬರೆಯುತ್ತಾರೆ? ಹಾಗಾಗಿ ಅಭಿಪ್ರಾಯ ಕೇಳುವುದನ್ನು ಬಿಟ್ಟು ಮಾಡಿದ ಕೆಲಸವನ್ನು ಕೇಳುವ ಪ್ರಶ್ನೆ ಹಾಕಿದೆವು: ‘ಹಿಂದಿನ ಸ್ಲ್ಯಾಬ್‌ಗೆ ಎಷ್ಟು ಘನಮೀಟರ್ ಕಾಂಕ್ರೀಟ್ ಹೋಯಿತು? ಎಷ್ಟು ಕ್ಯೂಬ್ ತೆಗೆದಿರಿ? ಯಾವ ದಿನ ಒಡೆಸಿದಿರಿ?’ ಕ್ಯೂಬ್ ಅಂದರೆ ಬಲ ಪರೀಕ್ಷಿಸಲು ಮೋಲ್ಡ್‌ನಲ್ಲಿ ಎರೆದ ಕಾಂಕ್ರೀಟ್ ಘನ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000ರಲ್ಲಿ ಲೆಕ್ಕ ಸ್ಪಷ್ಟವಾಗಿದೆ. 1ರಿಂದ 5 ಘನಮೀಟರ್‌ಗೆ ಒಂದು ಮಾದರಿ, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು, 31ರಿಂದ 50ಕ್ಕೆ ನಾಲ್ಕು. ಒಂದೊಂದು ಮಾದರಿಗೂ 150 ಮಿ.ಮೀ.ನ ಮೂರು ಕ್ಯೂಬ್. ಅಂದರೆ 40 ಘನಮೀಟರ್ ಸ್ಲ್ಯಾಬ್‌ಗೆ 28ನೇ ದಿನದ ಪರೀಕ್ಷೆಗೇ 12 ಕ್ಯೂಬ್. 7ನೇ ದಿನವೂ ಒಡೆಸಬೇಕೆಂದರೆ ಅದಕ್ಕೆ ಬೇರೆ. ಒಂದು ಸೈಟ್‌ನಲ್ಲಿ ಮೋಲ್ಡ್ ಇದ್ದದ್ದೇ ಮೂರು. ಅಲ್ಲಿನ ಹುಡುಗನಿಗೆ ಕೋಷ್ಟಕ ಬಾಯಿಪಾಠ ಬರುತ್ತಿತ್ತು. ಆತ ಕಲಿಯದೆ ಬಂದದ್ದು ಬೇರೆ: ಸ್ಲ್ಯಾಬ್‌ನ ಹಿಂದಿನ ವಾರವೇ ಮೋಲ್ಡ್‌ಗೆ ಬೇಡಿಕೆ ಪಟ್ಟಿ ಕಳಿಸಬೇಕು ಎಂಬುದು. ನಮ್ಮ ಫಾರ್ಮ್‌ನ ಮೊದಲ ಕರಡು ಆತನನ್ನು ‘ಗುಣಮಟ್ಟದ ಜ್ಞಾನವಿಲ್ಲ’ ಎಂಬ ಪೆಟ್ಟಿಗೆಗೆ ಹಾಕಿಬಿಡುತ್ತಿತ್ತು.

ವೇಳಾಪಟ್ಟಿಯ ಭಾಗದಲ್ಲಿ ಇನ್ನೂ ಸ್ವಾರಸ್ಯ. ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮ್‌ನಲ್ಲಿ ಐದನೇ ಸೆಮಿಸ್ಟರ್‌ಗೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಅಂಡ್ ಆಂತ್ರಪ್ರೆನ್ಯೂರ್‌ಶಿಪ್ ಎಂಬ ಪತ್ರಿಕೆ ಇತ್ತು. ತಾಂತ್ರಿಕ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎನ್‌ಬಿಎಯ ಹಿಂದಿನ 12 ಪಿಒಗಳ (ಪದವೀಧರರು ಕಲಿತಿರಬೇಕಾದವುಗಳ) ಪಟ್ಟಿಯಲ್ಲೂ 11ನೆಯದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮತ್ತು ಹಣಕಾಸು. ಕಾಗದದ ಮೇಲೆ ಕೊರತೆ ಏನೂ ಕಾಣುವುದಿಲ್ಲ. ಸಿಲಬಸ್ ಪಕ್ಕಕ್ಕಿಟ್ಟು ತರಗತಿಯ ಲೆಕ್ಕಗಳನ್ನು ಬಿಡಿಸುತ್ತಾ ಕೂತಾಗ ವಿಷಯ ಬಯಲಾಯಿತು. ‘ಕೆಳಗಿನ ಚಟುವಟಿಕೆಗಳಿಗೆ ಜಾಲ ಬರೆದು ಫ್ಲೋಟ್ (ತಡವಾದರೂ ನಡೆಯುವ ಬಿಡುವು) ಕಂಡುಹಿಡಿಯಿರಿ’ ಅಂತ ಕೊಟ್ಟ ಕೋಷ್ಟಕದಲ್ಲಿ ಎ, ಬಿ, ಸಿ ಎಂಬ ಚಟುವಟಿಕೆಗಳು, ಎದುರಿಗೆ 4 ದಿನ, 6 ದಿನ, 3 ದಿನ ಎಂಬ ಅವಧಿ. ಅವಧಿಯನ್ನು ಪ್ರಶ್ನೆಯೇ ಕೊಟ್ಟುಬಿಡುತ್ತದೆ. ಸೈಟ್‌ನಲ್ಲಿ ಅದನ್ನು ಕೊಡುವವರು ಯಾರೂ ಇಲ್ಲ, ಅಲ್ಲಿ ಕಷ್ಟವಿರುವುದೇ ಅದನ್ನು ಹುಟ್ಟಿಸುವುದರಲ್ಲಿ.

ಬೇಲೂರು ರಸ್ತೆಯ ಒಂದು ಸೈಟ್‌ನಲ್ಲಿ ಮೇಸ್ತ್ರಿಯನ್ನು ಕೇಳಿದ್ದು: ‘ಈ ಒಳಗಿನ ಪ್ಲಾಸ್ಟರಿಂಗ್‌ಗೆ ಎಷ್ಟು ದಿನ ಬೇಕು?’

‘ಯಾವ ತಿಂಗಳಲ್ಲಿ ಸಾರ್?’

ಫಾರ್ಮ್‌ನಲ್ಲಿ ದಿನ ಬರೆಯುವ ಚೌಕ ಇತ್ತು, ತಿಂಗಳಿಗೆ ಜಾಗವಿರಲಿಲ್ಲ. ಲೆಕ್ಕ ಹೀಗೆ: 120 ಚದರ ಮೀಟರ್ ಗೋಡೆ, ಒಬ್ಬ ಗಾರೆಯವನಿಗೆ ದಿನಕ್ಕೆ 10 ಚದರ ಮೀಟರ್ ಅಂತ ಹಿಡಿದರೆ 12 ಆಳುದಿನ. ಇಬ್ಬರಿದ್ದರೆ 6 ದಿನ, ಒಬ್ಬನೇ ಆದರೆ 12. ಏಪ್ರಿಲ್‌ನಲ್ಲಿ ಇಬ್ಬರು ಸಿಗುತ್ತಾರೆ. ಡಿಸೆಂಬರ್‌ನಲ್ಲಿ ಗಾರೆಯವನಿದ್ದರೂ ಗಾರೆ ಕಲಸಿ ಕೊಡುವ ಆಳು ಹಣ್ಣು ಕೊಯ್ಯಲು ಹೋಗಿರುತ್ತಾನೆ. ಮೇಸ್ತ್ರಿ ಜೇಬಿನಿಂದ ತೆಗೆದ ಪುಟ್ಟ ಡೈರಿಯಲ್ಲಿ ಇದೆಲ್ಲ ಇತ್ತು. ದಿನಕ್ಕೊಂದು ಗೆರೆ, ಪೂರ್ತಿ ದಿನಕ್ಕೆ ಅಡ್ಡಗೀಟು, ಅರ್ಧ ದಿನಕ್ಕೆ ಚುಕ್ಕಿ, ಬಟವಾಡೆಯ ದಿನಕ್ಕೆ ಕೆಂಪು ಸುತ್ತು, ಪುಟದ ಮೂಲೆಯಲ್ಲಿ ಕೊಟ್ಟ ಮುಂಗಡ. ಎರಡು ವರ್ಷದ ಆ ಡೈರಿ ನಮ್ಮ ನಾಲ್ಕು ಹಾಳೆಯ ಪ್ರಶ್ನಾವಳಿಗಿಂತ ಒಳ್ಳೆಯ ದತ್ತಾಂಶ. ಒಪ್ಪಿಗೆ ಪಡೆದು, ಹೆಸರುಗಳ ಮೇಲೆ ಕಾಗದ ಮುಚ್ಚಿ ಫೋಟೊ ತೆಗೆದುಕೊಂಡೆವು. ಮುಂದಿನವರಿಗೆ ಹೇಳುವುದಿಷ್ಟೇ: ಫಾರ್ಮ್ ಹಂಚುವ ಮೊದಲೇ ಡೈರಿ ಕೇಳಿ.

ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಅಚ್ಚು) ವಿಷಯವೂ ಇದೇ ಜಾತಿಯದು. ವಿದ್ಯಾರ್ಥಿಗಳ ಬಾರ್ ಚಾರ್ಟ್‌ನಲ್ಲಿ ಒಂದನೇ ಮಹಡಿಯ ಸ್ಲ್ಯಾಬ್ ಆದಮೇಲೆ ಕಂಬ, ಕಂಬವಾದ ಕೂಡಲೇ ಎರಡನೇ ಸ್ಲ್ಯಾಬ್‌ನ ಸೆಂಟ್ರಿಂಗ್. ತರ್ಕ ಸರಿಯಾಗಿಯೇ ಇದೆ, ಸಾಮಾನು ಎಲ್ಲಿಂದ? ಐಎಸ್ 456ರ ಪ್ರಕಾರ ಸ್ಲ್ಯಾಬ್ ತಳದ ಶೀಟನ್ನು 3 ದಿನಕ್ಕೆ ಬಿಚ್ಚಬಹುದು, ಆದರೆ ಬಿಚ್ಚಿದ ಕೂಡಲೇ ಪ್ರಾಪ್ (ಆನಿಕೆ ಕಂಬ) ಮತ್ತೆ ಕೊಡಬೇಕು. ಆ ಪ್ರಾಪ್‌ಗಳು 4.5 ಮೀಟರ್‌ವರೆಗಿನ ಅಂತರಕ್ಕೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ನಿಲ್ಲಬೇಕು. ಶೀಟ್ ಬೇಗ ಬಿಡುಗಡೆಯಾಗುತ್ತದೆ, ಪ್ರಾಪ್ ಸಿಕ್ಕಿಬೀಳುತ್ತದೆ. ಬಾಡಿಗೆಗೆ ತಂದದ್ದು ಒಂದೇ ಸೆಟ್ ಆದರೆ ಎರಡನೇ ಸ್ಲ್ಯಾಬ್‌ನ ದಿನವನ್ನು ನಿರ್ಧರಿಸುವುದು ಕಂಬವಲ್ಲ, ಕೆಳಗೆ ನಿಂತಿರುವ ಪ್ರಾಪ್. ಇನ್ನೊಂದು ಸೂಕ್ಷ್ಮ: ಈ ಅವಧಿಗಳು ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ, ಅದೂ ವಾತಾವರಣ 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ ಅನ್ವಯಿಸುವಂಥವು. ಇಲ್ಲಿ ಮನೆ ಕಟ್ಟುವವರು ಹೆಚ್ಚಾಗಿ ತರುವುದು ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್). ಚಿಕ್ಕಮಗಳೂರಿನ ಗಿರಿಯ ಬುಡದಲ್ಲಿ ಡಿಸೆಂಬರ್ ಬೆಳಗಿನ ಚಳಿ ಹೇಗಿರುತ್ತದೆಂದು ಗೊತ್ತಿರುವುದೇ. ಕ್ಯೂರಿಂಗ್‌ಗೂ (ನೀರುಣಿಸುವುದಕ್ಕೂ) ಹಾಗೆಯೇ, ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಯಂಥವಕ್ಕೆ 10 ದಿನ, 14ರವರೆಗೆ ಒಯ್ದರೆ ಒಳ್ಳೆಯದು. ಪಠ್ಯದ 7 ಅನ್ನು ಎಲ್ಲ ಸಿಮೆಂಟಿಗೂ ಹೊಂದಿಸುವುದನ್ನು ಹೊಸಬರಲ್ಲಿ ಪದೇಪದೇ ಕಂಡೆವು, ಹಳಬರಲ್ಲೂ.

ಅಳತೆ ಮತ್ತು ಬಿಲ್ಲಿನ ಭಾಗ ಹೆಚ್ಚು ಕಾಡಲಿಲ್ಲ. ಐಎಸ್ 1200ರ ಪ್ರಕಾರ ಪ್ಲಾಸ್ಟರಿಂಗ್‌ನಲ್ಲಿ 0.5 ಚದರ ಮೀಟರ್‌ವರೆಗಿನ ಕಿಂಡಿಗೆ ಕಡಿತವಿಲ್ಲ, 0.5ರಿಂದ 3ರವರೆಗೆ ಒಂದು ಮುಖಕ್ಕೆ ಮಾತ್ರ ಕಡಿತ. ಇದು ಎಸ್ಟಿಮೇಶನ್ ಪತ್ರಿಕೆಯಲ್ಲಿ ಚೆನ್ನಾಗಿಯೇ ಕಲಿತಿರುತ್ತಾರೆ. ಎಂಬಿಯಲ್ಲಿ ತಪ್ಪಾದದ್ದನ್ನು ವೈಟ್‌ನರ್ ಹಚ್ಚದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಬೇಕು ಎಂಬಂಥವು ಮಾತ್ರ ಸೈಟ್‌ಗೆ ಬಂದ ಮೇಲೆ ತಿಳಿಯುತ್ತವೆ.

ವಿಶ್ಲೇಷಣೆಗೆ ಬಂದರೆ, ಈ ಕ್ಷೇತ್ರದಲ್ಲಿ ಎಲ್ಲರೂ ಆರ್‌ಐಐ (ಸಾಪೇಕ್ಷ ಮಹತ್ವ ಸೂಚ್ಯಂಕ) ಹಾಕುತ್ತಾರೆ: ಅಂಕಗಳ ಮೊತ್ತವನ್ನು, ಗರಿಷ್ಠ ಅಂಕ ಗುಣಿಸು ಉತ್ತರಿಸಿದವರ ಸಂಖ್ಯೆಯಿಂದ ಭಾಗಿಸುವುದು. ಉದಾಹರಣೆಗೆ 60 ಜನರಲ್ಲಿ 20 ಮಂದಿ 5 ಕೊಟ್ಟು, 15 ಮಂದಿ 4, 10 ಮಂದಿ 3, 10 ಮಂದಿ 2, 5 ಮಂದಿ 1 ಕೊಟ್ಟರೆ ಮೊತ್ತ 215. 300ರಿಂದ ಭಾಗಿಸಿದರೆ 0.717. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ, ಆದ್ದರಿಂದಲೇ ಅಪಾಯ. 0.717 ಮೂರನೇ ಸ್ಥಾನ, 0.709 ನಾಲ್ಕನೇ ಸ್ಥಾನ ಅಂತ ಪುಟಗಟ್ಟಲೆ ವಿವರಿಸುತ್ತಾ ಹೋದರೆ ಪರೀಕ್ಷಕರು ನಗುತ್ತಾರೆ. ಖಾಲಿ ಬಿಟ್ಟ ಚೌಕವನ್ನು ಸೊನ್ನೆ ಅಂತ ಎಣಿಸಿದರೆ ಮೌಲ್ಯ ಕುಸಿಯುತ್ತದೆ, ಆ ಪ್ರಶ್ನೆಗೆ ಉತ್ತರಿಸಿದವರನ್ನಷ್ಟೇ ಎಣಿಸಬೇಕು. ಪ್ರಶ್ನೆಗಳ ಆಂತರಿಕ ಹೊಂದಾಣಿಕೆ ಅಳೆಯುವ ಕ್ರಾನ್‌ಬಾಕ್ ಆಲ್ಫಾ 0.7 ದಾಟಲಿ ಅಂತ ಎಲ್ಲರೂ ಹರಕೆ ಹೊರುತ್ತಾರೆ, 0.95 ದಾಟಿದರೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದೀರಿ ಅಂತಲೂ ಅರ್ಥ. ನಮ್ಮ ಮೊದಲ ಲೆಕ್ಕದಲ್ಲಿ ಆಲ್ಫಾ ಪಾತಾಳಕ್ಕಿಳಿದಿತ್ತು. ನಕಾರಾತ್ಮಕವಾಗಿ ಕೇಳಿದ ಮೂರು ಪ್ರಶ್ನೆಗಳ ಅಂಕ ತಿರುಗಿಸಲು ಮರೆತದ್ದು ಕಾರಣ ಅಂತ ಕಂಡುಕೊಳ್ಳಲು ನಾಲ್ಕು ದಿನ ಬೇಕಾಯಿತು. ಅಧ್ಯಾಪಕರು ಮತ್ತು ಎಂಜಿನಿಯರ್‌ಗಳ ಉತ್ತರ ಹೋಲಿಸಲು ಟಿ-ಪರೀಕ್ಷೆಯ ಬದಲು ಮ್ಯಾನ್-ವಿಟ್ನಿ ಪರೀಕ್ಷೆ ಬಳಸಿದೆವು, ಏಕೆಂದರೆ 1ರಿಂದ 5ರ ಅಂಕ ಬರೀ ಕ್ರಮಸೂಚಕ. ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ತಂತ್ರಾಂಶ ಕೊಳ್ಳಲಾಗದವರಿಗೆ ಜಮೋವಿ ಉಚಿತವಾಗಿ ಸಿಗುತ್ತದೆ, ಈ ಕೆಲಸಕ್ಕೆ ಧಾರಾಳ ಸಾಕು.

ಖರ್ಚು ಕೇಳುವವರಿಗೆ: ವಿಶ್ವವಿದ್ಯಾಲಯದ ಶುಲ್ಕ ಬಿಟ್ಟು ಅಚ್ಚು, ಜೆರಾಕ್ಸ್‌ಗೆ ಸುಮಾರು 6,000 ರೂಪಾಯಿ, ಪೆಟ್ರೋಲ್‌ಗೆ 38,000. ಹಾಸನದಿಂದ ಸಕಲೇಶಪುರಕ್ಕೆ ಹೋಗಿಬರುವುದು 80 ಕಿ.ಮೀ., ಚಿಕ್ಕಮಗಳೂರಿಗೆ 120. ಒಂದು ಸೈಟ್‌ಗೆ ಮೂರು ಸಲ ಹೋಗದೆ ಫಾರ್ಮ್ ತುಂಬಿ ಬರುವುದಿಲ್ಲ. ಗೂಗಲ್ ಫಾರ್ಮ್ ಕಳಿಸಿದರೆ ಈ ಖರ್ಚು ಉಳಿಯುತ್ತದೆ ಅಂತ ಮೊದಲು ಅಂದುಕೊಂಡಿದ್ದೆವು. ವಾಟ್ಸ್ಯಾಪ್‌ನಲ್ಲಿ ನೀಲಿ ಗೀಟು ಬಿತ್ತು, ಉತ್ತರ ಬರಲಿಲ್ಲ. ಸಂಜೆ ಐದೂವರೆಗೆ, ಕೆಲಸ ನಿಂತು ಕೈಕಾಲು ತೊಳೆಯುವ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಸ್ಲ್ಯಾಬ್ ಹಾಕುವ ದಿನ ಮಾತ್ರ ಆ ಕಡೆ ತಲೆ ಹಾಕಬೇಡಿ.

ಬರವಣಿಗೆ ಮುಗಿದ ಮೇಲೆ ಕೃತಿಚೌರ್ಯದ ತಪಾಸಣೆ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10 ದಾಟಿ 40ರವರೆಗೆ ಆದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಸಲ್ಲಿಸಬೇಕು. ನಮ್ಮಲ್ಲಿ ಹೋಲಿಕೆ ಏರಿದ್ದು ಐಎಸ್ ಕೋಡ್‌ನ ಸಾಲುಗಳನ್ನು ಇದ್ದ ಹಾಗೇ ಇಳಿಸಿದ್ದರಿಂದ ಮತ್ತು ಪ್ರಶ್ನಾವಳಿ ವಿವರಿಸುವ ಸವಕಲು ವಾಕ್ಯಗಳಿಂದ. ಕೋಡ್ ಸಾಲುಗಳನ್ನು ಕೋಷ್ಟಕವಾಗಿ ಅನುಬಂಧಕ್ಕೆ ಸರಿಸಿ, ಉಳಿದದ್ದನ್ನು ಸ್ವಂತ ಮಾತಿನಲ್ಲಿ ಬರೆದ ಮೇಲೆ ಸರಿಹೋಯಿತು. ಸಲ್ಲಿಕೆಯಿಂದ ವೈವಾ ಫಲಿತಾಂಶದವರೆಗೆ ಆರು ತಿಂಗಳೊಳಗೆ ಮುಗಿಯಬೇಕು ಎಂಬುದು ನಿಯಮ, ನಮ್ಮದು ಐದೂವರೆಗೆ ಮುಗಿಯಿತು. ಹೊರಗಿನ ಪರೀಕ್ಷಕರ ವರದಿಗೆ ಕಾಯುವ ಆ ದಿನಗಳಲ್ಲಿ ಮಾಡುವಂಥದ್ದು ಏನೂ ಇರುವುದಿಲ್ಲ, ಅದೇ ಹಿಂಸೆ. ವೈವಾದಲ್ಲಿ ಬಿಗಿಯಾಗಿ ಹಿಡಿದದ್ದು ಒಂದೇ ಪ್ರಶ್ನೆ: ಎರಡು ಜಿಲ್ಲೆಯ 113 ಫಾರ್ಮ್ ಇಟ್ಟುಕೊಂಡು ರಾಜ್ಯದ ಸಿವಿಲ್ ಶಿಕ್ಷಣದ ಬಗ್ಗೆ ಹೇಗೆ ಮಾತಾಡುತ್ತೀರಿ? ಮಾತಾಡಿಲ್ಲ ಅಂತ ತೋರಿಸಲು ‘ಮಿತಿಗಳು’ ಎಂಬ ಎರಡು ಪುಟ ಬೇಕಾಯಿತು. ಅದನ್ನು ಸರ್ವೆ ನಡೆಯುವಾಗಲೇ ಬರೆದಿಟ್ಟುಕೊಳ್ಳಿ, ಕೊನೆಗೆ ನೆನಪಿರುವುದಿಲ್ಲ.

ಒಪ್ಪಿಗೆ ಪತ್ರದಲ್ಲಿ ಮಾತು ಕೊಟ್ಟಂತೆ ಫಲಿತಾಂಶವನ್ನು ಎರಡು ಪುಟದ ಕನ್ನಡದಲ್ಲಿ ಅಚ್ಚು ಹಾಕಿಸಿ ಸೈಟ್‌ಗಳಿಗೆ ಹಂಚುತ್ತಿದ್ದೇವೆ. ಅರ್ಧಕ್ಕರ್ಧ ಕಡೆ ಸೈಟೇ ಇಲ್ಲ. ಕಟ್ಟಡಕ್ಕೆ ಬಣ್ಣ ಬಿದ್ದು ಜನ ವಾಸಕ್ಕೆ ಬಂದಿದ್ದಾರೆ. ಬೇಲೂರು ರಸ್ತೆಯ ಮೇಸ್ತ್ರಿ ಈಗ ಆಲೂರು ಕಡೆ ಕೆಲಸ ಹಿಡಿದಿದ್ದಾರಂತೆ. ಅವರ ಪ್ರತಿ ಇನ್ನೂ ಬ್ಯಾಗಿನಲ್ಲೇ ಇದೆ. ಕೊಯ್ಲು ಮುಗಿದ ಮೇಲೆ ಬನ್ನಿ ಅಂದಿದ್ದಾರೆ.